ಮೊದಲು ಬಂದವರಿಗೆ ಬಹುಮಾನ ಆಮೇಲೆ ನೋಡೋಣ, ಜೂನ್‌ನಲ್ಲಿ ಫೀ ಕಟ್ಟಿ

ನಿಮ್ಮ ಪ್ರಶ್ನೆ ಹೀಗಿದೆ: ನೀವು ಉತ್ತರ ಕನ್ನಡದ ಅಂಕೋಲಾ ತಾಲೂಕಿನವರು, ಈಗ ಇರುವುದು ಬೆಂಗಳೂರಿನಲ್ಲಿ. ಅಪ್ಪನ ನೆನಪಿಗೆ ಊರಿನ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಮೊದಲು ಬಂದವರಿಗೆ ವರ್ಷಕ್ಕೆ 50,000 ರೂಪಾಯಿ ಬಹುಮಾನ ಇಡಬೇಕೆಂದಿದ್ದೀರಿ. ಇದರಿಂದ ಮಕ್ಕಳಿಗೆ ನಿಜಕ್ಕೂ ಉಪಯೋಗ ಆಗುತ್ತದೆಯೇ, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ.

ನಾನು ಅಂಕೋಲೆಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟು ಹನ್ನೊಂದು ವರ್ಷ ಆಯ್ತು. ಮಕ್ಕಳ ಕಷ್ಟ ಅಕ್ಕೋರು, ಮಾಸ್ತರರಿಗಿಂತ ಮೊದಲು ನನ್ನ ಕೌಂಟರಿಗೆ ಬಂದಿರುತ್ತದೆ. ಆ ಧೈರ್ಯದಲ್ಲಿ ಹೇಳುತ್ತೇನೆ, ಮೊದಲು ಬರುವ ಹುಡುಗಿ ನಿಮ್ಮ ಬಹುಮಾನ ಇದ್ದರೂ ಮೊದಲು ಬರುತ್ತಾಳೆ, ಇಲ್ಲದಿದ್ದರೂ ಬರುತ್ತಾಳೆ. ಎರಡನೇ ಸೆಮಿಸ್ಟರ್ ಮುಗಿಸಿ ಮೂರನೆಯದಕ್ಕೆ ಬಾರದೆ ಗೋವಾಕ್ಕೆ ಕೆಲಸಕ್ಕೆ ಹೋಗುವ ಹುಡುಗನ ಲೆಕ್ಕ ಬೇರೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾಲೇಜಿನ ಅಡ್ಮಿಶನ್ ಗಡಿಬಿಡಿ ಬರುವುದೂ ಹೆಚ್ಚಾಗಿ ಆ ದಿನಗಳಲ್ಲೇ. ಬೇಲೇಕೇರಿ, ಕೇಣಿ, ಹಾರವಾಡ ಕಡೆಯ ಮನೆಗಳಲ್ಲಿ ಕೈಯಲ್ಲಿ ಕಾಸಿಲ್ಲದ ಎರಡು ತಿಂಗಳು ಅದು. ಒಳನಾಡಿನ ಅಚವೆ, ಹಿಲ್ಲೂರು, ಸುಂಕಸಾಳ ಕಡೆ ಕೂಲಿಗೆ ಹೋಗುವವರಿಗೂ ಮಳೆಗಾಲದಲ್ಲಿ ಅದೇ ಗತಿ. ಸರ್ಕಾರಿ ಕಾಲೇಜಿನ ಫೀ ಕೆಲವೇ ಸಾವಿರ, ಬೆಂಗಳೂರಿನಲ್ಲಿ ಕೂತು ನೋಡಿದರೆ ಅದೇನು ಮಹಾ ಅನ್ನಿಸೀತು. ಆದರೆ ಅದನ್ನು ಕಟ್ಟಬೇಕಾದದ್ದು ಜೂನ್‌ನಲ್ಲಿ ಮಾರಾಯ್ರೆ.

ಒಂದು ಜುಲೈ ಮಧ್ಯಾಹ್ನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಆಚೆ ಕಾಣದಷ್ಟು ಮಳೆ. ಒಣಮೀನಿನ ಬುಟ್ಟಿಯನ್ನು ಹೊರಗೆ ಕಟ್ಟೆಯ ಮೇಲಿಟ್ಟು, ಸೆರಗಿನ ಗಂಟು ಬಿಚ್ಚಿ ಹತ್ತು, ಇಪ್ಪತ್ತರ ನೋಟು ಎಣಿಸಿದರು. ಎಲ್ಲವೂ ಒದ್ದೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಝೆರಾಕ್ಸ್ ಮೆಷಿನ್ನಿನ ಮುಚ್ಚಳ ಬಿಸಿ ಇತ್ತು, ಅದರ ಮೇಲೆ ಹರಡಿ ಆರಿಸಿದೆ. ಎಣಿಸಿದರೆ ಫೀಗೆ 640 ರೂಪಾಯಿ ಕಡಿಮೆ. "ತಂಗೀ, ಇಷ್ಟೇ ಆದದ್ದು. ಉಳಿದದ್ದು ಬೋಟು ಇಳಿದ ಮೇಲೆ" ಅಂದರು. ನಾನು ಉದ್ರಿ ಪುಸ್ತಕದಲ್ಲಿ ಬರೆದುಕೊಂಡು ಕಟ್ಟಿಬಿಟ್ಟೆ. ಆಗಸ್ಟ್ ಮೂರನೇ ವಾರ ಮಗಳೇ ತಂದುಕೊಟ್ಟಳು, ಜೊತೆಗೆ ಒಂದು ಕಟ್ಟು ಬಂಗಡೆ.

ಆ ಉದ್ರಿ ಪುಸ್ತಕವೇ ಈಗ ಒಂದು ಸಣ್ಣ ವ್ಯವಸ್ಥೆ ಆಗಿದೆ. ಪರಿಚಯದ ನಾಲ್ಕು ಜನ ಮೇ ತಿಂಗಳಲ್ಲಿ ತಲಾ ಐದು ಸಾವಿರ ಹಾಕುತ್ತಾರೆ. ಅಡ್ಮಿಶನ್ ಫೀ, ಪರೀಕ್ಷೆ ಫೀಗೆ ಕೊರತೆ ಬಿದ್ದಷ್ಟನ್ನು ಅದರಿಂದ ಕಟ್ಟುತ್ತೇವೆ, ಮಕ್ಕಳು ಆದಾಗ ತಿರುಗಿ ಕೊಡುತ್ತಾರೆ. ಬಡ್ಡಿ ಇಲ್ಲ, ಸಹಿ ಇಲ್ಲ. ಎಲ್ಲರೂ ಕೊಡುತ್ತಾರೆಯೇ ಎಂದರೆ ಇಲ್ಲ, ಹೋದ ವರ್ಷ ಇಬ್ಬರದು ಬರಲಿಲ್ಲ. ಕೇಳಲೂ ಇಲ್ಲ.

ಸರ್ಕಾರದ ಸ್ಕಾಲರ್‌ಶಿಪ್ ಇಲ್ಲವೇ ಅಂತ ಕೇಳಬಹುದು. ಇದೆ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ 15,000 ಇಟ್ಟಿದ್ದರು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ ಓದುವ ರೈತರ ಮನೆಯ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ಇಟ್ಟರು. ಆದರೆ ಇದು ಕೈಗೆ ಬರಬೇಕಾದರೆ ಎಷ್ಟು ಗೇಟು ದಾಟಬೇಕು ನೋಡಿ. ಆಧಾರ್‌ನಲ್ಲಿ ಹರಿಕಂತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹರಿಕಾಂತ. ಗೌಡ ಎಂಬ ಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ಎ, ಇನ್ನೊಂದು ಕಡೆ ಎರಡು. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಿಗೆ ಅಷ್ಟು ಸಾಕು, ಹೆಸರು ಹೊಂದುವುದಿಲ್ಲ ಎಂದು ನಿಲ್ಲಿಸುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಷ್ಯ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಾಗ ಸತ್ತಿರುತ್ತದೆ, ಮತ್ತೆ ನಾಡಕಚೇರಿ. ಎಲ್ಲ ಸರಿ ಆಯ್ತು ಅನ್ನುವಷ್ಟರಲ್ಲಿ, ದುಡ್ಡು ಹೋಗುವುದು ಆಧಾರ್ ಸೀಡಿಂಗ್ ಆದ, ಅಂದರೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಒಬ್ಬ ಹುಡುಗನದು ಸಿಮ್ ಕೊಳ್ಳುವಾಗ ಅವನಿಗೇ ಗೊತ್ತಿಲ್ಲದೆ ತೆರೆದ ಖಾತೆಗೆ ಎರಡು ವರ್ಷ ಹೋಗಿ ಬಿದ್ದಿತ್ತು. ನಾವು ಪತ್ತೆ ಮಾಡಿದಾಗ ಅವನ ಮುಖ ನೋಡಬೇಕಿತ್ತು.

ರೈತ ವಿದ್ಯಾನಿಧಿಗೆ ಇನ್ನೊಂದು ತೊಡಕು. ಆ ಹಣಕ್ಕೆ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು, ಎಫ್‌ಐಡಿಗೆ ಪಹಣಿ ಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆ ಅರಣ್ಯ ಅತಿಕ್ರಮಣ ಜಾಗದಲ್ಲಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೂರು ತಲೆಮಾರು ಗದ್ದೆ ಮಾಡಿದರೂ ಕಾಗದದ ಮೇಲೆ ಅದು ಕಾಡೇ.

ಆದ್ದರಿಂದ ಮೊದಲ ವರ್ಷದ ಮಕ್ಕಳ ಜೊತೆ ಕೂತು ಅರ್ಜಿ ತುಂಬಿಸುವ ಒಬ್ಬ ಮನುಷ್ಯ ನಿಮ್ಮ ಐವತ್ತು ಸಾವಿರಕ್ಕೆ ಸಮ ಅನ್ನುತ್ತೇನೆ. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಶನಿವಾರ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ಹೆಸರು ಹೊಂದುತ್ತದೆಯೇ, ಖಾತೆ ಸೀಡ್ ಆಗಿದೆಯೇ, ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಯೇ, ಅಷ್ಟೇ ನೋಡುವುದು. ಚಹಾ ನಮ್ಮದು.

ಬಸ್ಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಹುಡುಗರು ಪಾಸ್ ಮಾಡಿಸಬೇಕು. ಕಷ್ಟ ಟಿಕೆಟ್ಟಿನದಲ್ಲ, ಹೊತ್ತಿನದು. ಬೆಳಿಗ್ಗೆ ಬೇಗ ಬಸ್ಸು ಹತ್ತಿದವರು ಸಂಜೆಯ ಬಸ್ಸಿನವರೆಗೆ ಪೇಟೆಯಲ್ಲೇ. ಮಧ್ಯಾಹ್ನ ಎಷ್ಟೋ ಮಕ್ಕಳಿಗೆ ಒಂದು ಬನ್ಸ್, ಅರ್ಧ ಚಹಾ, ಅಷ್ಟೇ ಊಟ. ಹಿಂದೆ ವಾರಾನ್ನ ಇತ್ತಲ್ಲ, ದಿನಕ್ಕೊಂದು ಮನೆ. ಅದನ್ನು ಹೊಗಳುವವರು ಅದು ಯಾವ ಜಾತಿಯ ಹುಡುಗರಿಗೆ ಸಿಗುತ್ತಿತ್ತು ಎಂಬುದನ್ನು ಮರೆಯುತ್ತಾರೆ, ಇರಲಿ. ಈಗ ನಮ್ಮ ಪೇಟೆಯ ಒಂದು ಖಾನಾವಳಿಯವರು ಕಾಲೇಜಿನ ಐಡಿ ತೋರಿಸಿದರೆ ಅರ್ಧ ದರಕ್ಕೆ ಅನ್ನ, ಸಾರು, ಪಲ್ಯ ಬಡಿಸುತ್ತಾರೆ. ಬೋರ್ಡು ಹಾಕಿಲ್ಲ. ಹಾಕಿದರೆ ಮಕ್ಕಳು ನಾಚಿಕೊಂಡು ಬರುವುದಿಲ್ಲ ಅನ್ನುತ್ತಾರೆ ಅವರು.

ನಾಚಿಕೆಯ ಮಾತು ಬಂತು, ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ಒಂದು ಸಂಘದವರು ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಎಂದು ಕಾರ್ಯಕ್ರಮ ಇಟ್ಟರು. ಐದು ಮಕ್ಕಳಿಗೆ ತಲಾ ಸಾವಿರ. ಫ್ಲೆಕ್ಸ್, ಆಮಂತ್ರಣ ಪತ್ರಿಕೆಯ ಆರ್ಡರ್ ನನಗೇ ಬಂದಿತ್ತು, ಬಿಲ್ 5,800. ತಗೊಂಡೆ, ವ್ಯಾಪಾರ ಅಲ್ಲವೇ. ಫ್ಲೆಕ್ಸ್ ಮೇಲೆ ಆ ಐವರ ಫೋಟೊ, ಕೆಳಗೆ "ಬಡ" ಎಂಬ ಶಬ್ದ, ಅಕ್ಷರ ಜೋಡಿಸಿದ್ದು ನಾನೇ. ಭಾಷಣ ಮುಗಿಯುವ ಹೊತ್ತಿಗೆ ಅವರಲ್ಲಿ ಇಬ್ಬರಿಗೆ ಕೊನೆಯ ಬಸ್ ತಪ್ಪಿತು. ಒಬ್ಬ ಹುಡುಗ ಆಮೇಲೆ ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟ, ದೂರದ ಇನ್ನೊಂದು ಅಂಗಡಿಗೆ ಹೋಗುತ್ತಿದ್ದ.

ಊರವರೇ ಸೇರಿ ಮಕ್ಕಳನ್ನು ಓದಿಸುವುದು ನಮ್ಮ ತಾಲೂಕಿಗೆ ಹೊಸದಲ್ಲ. ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ್ದು 1953ರಲ್ಲಿ. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅವರ ಹೆಸರಿನ ಕಾಲೇಜು ಅಂಕೋಲೆಗೆ ಬಂತು. ನನ್ನ ದೊಡ್ಡಪ್ಪ ಡಿಗ್ರಿ ಮಾಡಿದ್ದು ಅಲ್ಲೇ, ಇಲ್ಲದಿದ್ದರೆ ಧಾರವಾಡಕ್ಕೆ ಕಳಿಸುವ ತ್ರಾಣ ಅಜ್ಜನಿಗೆ ಇರಲಿಲ್ಲ.

ನಿಮ್ಮ ಐವತ್ತು ಸಾವಿರವನ್ನು ನಾನಾದರೆ ಹೀಗೆ ಮಾಡುತ್ತಿದ್ದೆ. ಮೂವತ್ತು ಸಾವಿರ ಫೀಗೆ, ತಿರುಗಿ ಬರುವ ಹಣ. ಬಂದರೆ ಮುಂದಿನ ವರ್ಷಕ್ಕೆ ಆಯ್ತು. ಹತ್ತು ಸಾವಿರ ಖಾನಾವಳಿಯವರ ಕೈಗೆ. ಉಳಿದದ್ದು ಝೆರಾಕ್ಸ್, ಪುಸ್ತಕ, ನಾಡಕಚೇರಿಗೆ ಓಡಾಟದ ಖರ್ಚು. ಯಾರಿಗೆ ಬೇಕು ಎಂಬುದನ್ನು ಕಾಲೇಜಿನ ಆಫೀಸಿನಲ್ಲಿ ಕ್ಲರ್ಕ್‌ಗೆ ಕೇಳಿ, ಪ್ರಿನ್ಸಿಪಾಲರಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ. ಅಪ್ಪನ ಹೆಸರು ಬೇಕೇ ಬೇಕು ಅಂದರೆ ರಸೀದಿಯ ಮೇಲೆ ಹಾಕಿಸಿ, ಮಕ್ಕಳು ಅದನ್ನು ಮೂರು ವರ್ಷ ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆ.

ಹೇಗೂ ಮೇ ತಿಂಗಳಲ್ಲಿ ಕರಿ ಈಶಾಡ ಮಾವು ತಿನ್ನಲು ಊರಿಗೆ ಬರುತ್ತೀರಲ್ಲ, ಆಗಲೇ ಒಂದು ದಿನ ಕಾಲೇಜಿಗೆ ಹೋಗಿ ಬನ್ನಿ. ಗಣೇಶ ಚೌತಿಗೆ ಬಂದಾಗ ನೋಡೋಣ ಅಂದರೆ ಅಷ್ಟರಲ್ಲಿ ಫೀ ಕಟ್ಟುವ ದಿನ ಮುಗಿದಿರುತ್ತದೆ.