ಅಕ್ರಿಲಮೈಡ್ ಬಿಡಿ, ಚೈನಾ ಗ್ರಾಸ್ ಹಿಡಿಯಿರಿ

ಪ್ರಶ್ನೆ: ಪುಟ್ಟ ಕುಲುಮೆಯ ಒಳಗೋಡೆಗೆ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್ ಪುಡಿ) ನೊರೆಯಿಂದ ಹಗುರ ಇಟ್ಟಿಗೆ ಮಾಡುತ್ತಿದ್ದೇವೆ. ನೊರೆ ಗಟ್ಟಿಯಾಗಿ ನಿಲ್ಲಲು ಹಳೆಯ ವಿಧಾನಕ್ಕೆ ಅಕ್ರಿಲಮೈಡ್ ಎಂಬ ರಾಸಾಯನಿಕ ಬೇಕು, ಗೈಡ್ ಬೇಡ ಅಂದರು. ಜೆಲಟಿನ್ ಹಾಕಿದೆವು, ಫ್ರಿಜ್ಜಿನಲ್ಲಿ ಗಟ್ಟಿಯಾಯಿತು, ಒಣಗಲು ಬಲ್ಬಿನ ಕೆಳಗಿಟ್ಟರೆ ಕುಸಿದುಬಿತ್ತು. ಬೇರೇನಿದೆ?
– ವಿದ್ಯಾರ್ಥಿಗಳು, ಸಾಗರ

ಉತ್ತರ: ಗೈಡ್ ಹೇಳಿದ್ದು ಸರಿ. ಅಕ್ರಿಲಮೈಡ್ ಚರ್ಮದ ಮೂಲಕವೇ ಮೈಗೆ ಸೇರಿ ನರಗಳನ್ನು ಕೆಡಿಸುತ್ತದೆ. ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿ 1994ರಿಂದ '2ಎ' (ಬಹುಶಃ ಕ್ಯಾನ್ಸರ್ ತರುವಂಥವು) ಗುಂಪಿನಲ್ಲಿದೆ. ನೊರೆಗಂತೂ ಇನ್ನೊಂದು ತಲೆನೋವು: ಗುಳ್ಳೆಯೊಳಗಿನ ಆಮ್ಲಜನಕ ಅಕ್ರಿಲಮೈಡ್ ಗಟ್ಟಿಯಾಗುವುದನ್ನೇ ತಡೆಯುತ್ತದೆ, ಸಾರಜನಕದಲ್ಲಿ ಕಡೆಯಬೇಕಾಗುತ್ತದೆ.

ಅಗರ್ ಬಳಸಿ. ದಿನಸಿ ಅಂಗಡಿಯ ಚೈನಾ ಗ್ರಾಸ್ ಅಂದರೆ ಅದೇ. ಜೆಲಟಿನ್ 30–35 ಡಿಗ್ರಿಗೇ ಕರಗುತ್ತದೆ, ನಿಮ್ಮ ಬಲ್ಬಿಗೆ ಅಷ್ಟು ಸಾಕು. ಅಗರ್ 35–40ಕ್ಕೆ ಹೆಪ್ಪುಗಟ್ಟುತ್ತದೆ, ಆದರೆ ಮತ್ತೆ ಕರಗಲು 85ರ ಹತ್ತಿರ ಹೋಗಬೇಕು. ಈ ಅಂತರವೇ ನಿಮಗೆ ಬೇಕಾದದ್ದು.

400 ಗ್ರಾಂ ನುಣುಪು ಅಲ್ಯುಮಿನಾ, 100 ಮಿ.ಲೀ. ನೀರು, ಪುಡಿ ನೀರಿನಲ್ಲಿ ಸಮನಾಗಿ ಹರಡಲು 2 ಗ್ರಾಂ ಅಮೋನಿಯಂ ಪಾಲಿಅಕ್ರಿಲೇಟ್ ಸೇರಿಸಿ ಗಂಟಿಲ್ಲದಂತೆ ರುಬ್ಬಿ. (ಹೆಸರು ನೋಡಿ ಬೆಚ್ಚಬೇಡಿ, ಇದು ಅಕ್ರಿಲಮೈಡ್ ಅಲ್ಲ.) ಪುಡಿ ತೂಗುವಾಗ ಮಾಸ್ಕ್ ಇರಲಿ. ಇನ್ನೊಂದು ಪಾತ್ರೆಯಲ್ಲಿ 60 ಮಿ.ಲೀ. ನೀರಿಗೆ 2.4 ಗ್ರಾಂ ಅಗರ್ ಹಾಕಿ, ಮುಚ್ಚಿ, ತಿಳಿಯಾಗುವ ತನಕ ಕುದಿಸಿ. ಆವಿಯಾದ ನೀರನ್ನು ತೂಗಿ ನೋಡಿ ಮತ್ತೆ ತುಂಬಿಸಿ. ಚೈನಾ ಗ್ರಾಸ್ ಎಳೆಗಳ ಹಿಡಿತ ಲ್ಯಾಬ್ ಅಗರ್‌ಗಿಂತ ಕಡಿಮೆ ಇರಬಹುದು. ಆಗ 3 ಗ್ರಾಂ ಹಾಕಿ.

ಅಲ್ಯುಮಿನಾ ಹಿಟ್ಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 60–65 ಡಿಗ್ರಿಗೆ ತಂದ ಮೇಲೆಯೇ ಅಗರ್ ಸುರಿಯಿರಿ. ತಣ್ಣನೆಯ ಹಿಟ್ಟಿಗೆ ಸುರಿದರೆ ಬಿದ್ದಲ್ಲೇ ಎಳೆಎಳೆಯಾಗಿ ಹೆಪ್ಪುಗಟ್ಟುತ್ತದೆ. ನಂತರ 1 ಮಿ.ಲೀ. ಟ್ವೀನ್-20 (ಸೋಪಿನಂತೆ ನೊರೆ ಕೊಡುವ ದ್ರವ) ಹಾಕಿ ಬೀಟರ್‌ನಿಂದ ಕಡೆಯಿರಿ. ಸುಮಾರು 260 ಮಿ.ಲೀ. ಇದ್ದದ್ದು 800 ಆಗಬೇಕು. ಆಗ ಗಾತ್ರದಲ್ಲಿ ಗಟ್ಟಿ ಪದಾರ್ಥ ಎಂಟನೇ ಒಂದು ಪಾಲಷ್ಟೇ. ಅಂಟುವಾಳದ ನೀರೂ ನೊರೆ ಕೊಡುತ್ತದೆ, ಆದರೆ ಕಾಯಿಂದ ಕಾಯಿಗೆ ಬಲ ಬೇರೆ. ಪ್ರಾಜೆಕ್ಟ್ ವರದಿಯಲ್ಲಿ ಲೆಕ್ಕ ತಾಳೆಯಾಗದು.

ಕಡೆಯುವಾಗ ಪಾತ್ರೆ ಬಿಸಿನೀರಿನಲ್ಲೇ ಇರಲಿ. 45 ಡಿಗ್ರಿಗಿಂತ ಕೆಳಗಿಳಿದ ಮೇಲೂ ಬೀಟರ್ ಆಡಿಸಿದರೆ ಕಟ್ಟುತ್ತಿರುವ ಜೆಲ್ ಚೂರಾಗಿ, ನೊರೆ ಒಡೆದ ಮೊಸರಿನಂತೆ ನೀರು ಬಿಡುತ್ತದೆ. ಒಮ್ಮೆ ಹಾಗಾದರೆ ಮತ್ತೆ ಕಡೆದು ಸರಿಮಾಡಲಾಗದು.

ಅಚ್ಚಿನಲ್ಲಿ 3 ಸೆಂ.ಮೀ.ಗಿಂತ ದಪ್ಪ ಬೇಡ. ನೊರೆಯೊಳಗೆ ಶಾಖ ನಿಧಾನವಾಗಿ ಓಡಾಡುತ್ತದೆ. ಅಂಚು ಗಟ್ಟಿಯಾಗಿ ನಡುವೆ ಬಿಸಿ ಉಳಿದರೆ ಅಲ್ಲಿನ ಗುಳ್ಳೆಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ. ಕತ್ತರಿಸಿ ನೋಡಿದರೆ ನಡುಭಾಗ ಸೆಟ್ ದೋಸೆಯ ಮೇಲ್ಮೈಯಂತೆ ಕಾಣುತ್ತದೆ. ಅಚ್ಚನ್ನು ಐಸ್ ನೀರಿನಲ್ಲಿಡಿ.

ಮಳೆಗಾಲದಲ್ಲಿ ಸಾಗರದ ಗಾಳಿಗೇ ಬಿಟ್ಟರೆ ಒಣಗುವ ಮೊದಲೇ ಬೂಷ್ಟು ಬರುತ್ತದೆ. ಮೊದಲ ದಿನ ಪ್ಲಾಸ್ಟಿಕ್ ಹೊದಿಸಿ, ಆಮೇಲೆ ತಂತಿಜಾಲರಿಯ ಮೇಲೆ ಬಲ್ಬಿನ ಪೆಟ್ಟಿಗೆಯಲ್ಲಿ 40 ಡಿಗ್ರಿಗೆ ಒಣಗಿಸಿ. ಆಗಾಗ ಮಗುಚಿ, ಇಲ್ಲವಾದರೆ ಬಾಗುತ್ತದೆ. ತೂಕ ಇಳಿಯುವುದು ನಿಂತ ಮೇಲಷ್ಟೇ ಕುಲುಮೆಗೆ. ನಿಮಿಷಕ್ಕೆ 1 ಡಿಗ್ರಿಯಂತೆ 600ರವರೆಗೆ, ಆಮೇಲೆ 3ರಂತೆ 1550ಕ್ಕೆ ಏರಿಸಿ, ಅಲ್ಲಿ 2 ಗಂಟೆ. ನಿಮ್ಮ ಕುಲುಮೆ 1400ಕ್ಕೇ ನಿಲ್ಲುವುದಾದರೆ ಇಟ್ಟಿಗೆ ಸೀಮೆಸುಣ್ಣದಂತೆ ಉದುರುತ್ತದೆ; ಬೇರೆ ಕಡೆ ಸುಡಿಸಿ.