ದೃಶ್ಯಕಲೆಯ ವಿದ್ಯಾರ್ಥಿವೇತನಕ್ಕೆ ಅಂಕಪಟ್ಟಿಯೊಂದೇ ಸಾಲದು, ಕೃತಿಗಳನ್ನು ಉಳಿಸಿಕೊಳ್ಳಿ

ನಿಮ್ಮ ತಂಗಿಗೆ ಪಿಯುಸಿಯಲ್ಲಿ ಶೇ. 64 ಅಂಕ ಬಂದಿವೆ, ಅವಳಿಗೆ ಬಿ.ವಿ.ಎ., ಅಂದರೆ ದೃಶ್ಯಕಲೆಯ ಪದವಿ ಓದುವ ಆಸೆಯಿದೆ, ಮೆರಿಟ್ ವಿದ್ಯಾರ್ಥಿವೇತನ ಸಿಗುವುದು ಖಚಿತವಾದರೆ ಕಲಾ ಕಾಲೇಜು, ಇಲ್ಲವಾದರೆ ಊರಲ್ಲೇ ಬಿ.ಎ. ಎಂದು ಯಾದಗಿರಿಯಿಂದ ಬರೆದಿದ್ದೀರಿ. ನಮ್ಮ ಮನೆಯಲ್ಲಿಯೂ ಇದೇ ಮಾತು ನಡೆದಿತ್ತು.

ನಾನು ಶಹಾಬಾದಿನವಳು. ನಮ್ಮಪ್ಪ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಡೆ ಕೂಲಿಗೆ ಹೋಗುತ್ತಿದ್ದರು. ನಾನು ಪಿಯುಸಿ ಮುಗಿಸಿ ಕೆಲವು ವರ್ಷ ಅಂಗಡಿಗಳ ಬೋರ್ಡು ಬರೆದು, ಆಮೇಲೆ ಕಲಬುರಗಿಯಲ್ಲಿ ದೃಶ್ಯಕಲೆಯ ಪದವಿಗೆ ಸೇರಿದೆ. ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಸೇರುವ ಮುನ್ನ ಅಪ್ಪ ಹೇಳಿದ್ದು ಒಂದೇ ಮಾತು: "ಮಾರ್ಕ್ಸ್ ಇದ್ರ ಸರ್ಕಾರದವ್ರೇ ರೊಕ್ಕ ಕೊಡ್ತಾರ, ಇಲ್ಲಂದ್ರ ನಾ ಎಲ್ಲಿಂದ ತರ್ಲಿ?" ಆ ಮಾತನ್ನು ಅವರಿಗಿಂತಲೂ ಹೆಚ್ಚಾಗಿ ನಾನು ನಂಬಿಬಿಟ್ಟೆ. ಸೆಮಿಸ್ಟರಿನ ಅಂಕ ಚೆನ್ನಾಗಿ ಬಂದರೆ ಹಣ ತಾನಾಗಿಯೇ ಬರುತ್ತದೆ ಎಂಬ ನಂಬಿಕೆಯಲ್ಲಿ ಪದವಿಯ ಬಹುಭಾಗ ಕಳೆಯಿತು. ನಾನು ಮಾಡಿದ ದೊಡ್ಡ ತಪ್ಪಿನ ಬೇರು ಈ ನಂಬಿಕೆಯಲ್ಲಿಯೇ ಇದ್ದುದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಒಳ್ಳೆಯ ಕ್ಯಾನ್ವಾಸಿನ ಬೆಲೆಯಲ್ಲಿ ನಮ್ಮ ಮನೆಯ ವಾರದ ಕಿರಾಣಿ ಸಾಮಾನು ಬರುತ್ತಿತ್ತು. ಆದ್ದರಿಂದ ಮೌಲ್ಯಮಾಪನ ಮುಗಿದು ಕೃತಿ ಕೈಗೆ ವಾಪಸು ಬಂದ ಕೂಡಲೇ ನಾನು ಅದರ ಮೇಲ್ಮೈಯನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಬಿಳಿ ಬಳಿದು, ಒಣಗಿಸಿ, ಅದರ ಮೇಲೆಯೇ ಮುಂದಿನ ಚಿತ್ರ ಶುರುಮಾಡುತ್ತಿದ್ದೆ. ತರಗತಿಯಲ್ಲಿ ಬಹಳ ಮಂದಿ ಹೀಗೆಯೇ ಮಾಡುತ್ತಿದ್ದರು. ಬಡ ವಿದ್ಯಾರ್ಥಿಗೆ ಬೇರೆ ದಾರಿಯಿಲ್ಲ, ಅದನ್ನು ನಾನು ಇಂದಿಗೂ ತಪ್ಪೆನ್ನುವುದಿಲ್ಲ. ಬಿಳಿ ಬಳಿಯುವ ಮುನ್ನ ಫೋಟೊ ತೆಗೆಸದೆ ಇದ್ದದ್ದು ತಪ್ಪು. ತಲೆಯ ಮೇಲೆ ಕಲ್ಲು ಹೊತ್ತು, ಮೈಯೆಲ್ಲ ಬೂದು ಧೂಳಾಗಿ ಗಣಿಯಿಂದ ಮೇಲೇರುವ ಹೆಂಗಸರ ಚಿತ್ರಗಳ ಒಂದು ಸರಣಿ, ಮೊರದಲ್ಲಿ ತೊಗರಿ ಕೇರುತ್ತಿದ್ದ ಅವ್ವನ ಚಿತ್ರ, ಮಧ್ಯಾಹ್ನದ ಬಿಸಿಲಿನಲ್ಲಿ ಕಲಬುರಗಿಯ ಹಳೆಯ ಗೋರಿಗಳಾದ ಹಫ್ತ್ ಗುಂಬಜ್‌ನ ಗುಮ್ಮಟಗಳ ನೆರಳನ್ನು ಹಿಡಿಯಲು ಮಾಡಿದ ಅಭ್ಯಾಸಗಳು, ಇವೆಲ್ಲ ಒಂದರ ಮೇಲೊಂದು ಬಿಳಿಯ ಕೆಳಗೆ ಹೋದವು. ನನ್ನ ಬಳಿ ಕ್ಯಾಮೆರಾ ಇರಲಿಲ್ಲ ಎಂಬುದು ನೆಪವಾಗಲಾರದು, ಏಕೆಂದರೆ ಗೆಳತಿಯ ಅಣ್ಣನ ಬಳಿ ಇತ್ತು, ಕೇಳಿದ್ದರೆ ಅವರು ಸಂತೋಷದಿಂದ ತೆಗೆದುಕೊಡುತ್ತಿದ್ದರು. ಅಂಕ ಬಂದಾಯಿತು, ಅಂಕಪಟ್ಟಿಯಲ್ಲಿ ದಾಖಲಾಯಿತು, ಇನ್ನು ಆ ಚಿತ್ರದಿಂದ ಆಗಬೇಕಾದ್ದು ಏನೂ ಇಲ್ಲ ಎಂದುಕೊಂಡಿದ್ದೆನಾದ್ದರಿಂದ ಕೇಳಬೇಕೆಂದೇ ಅನ್ನಿಸಲಿಲ್ಲ.

ಕೊನೆಯ ವರ್ಷದಲ್ಲಿ, ಕೃತಿಗಳನ್ನು ನೋಡಿ ಆಯ್ಕೆಮಾಡುವ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆಯೂ ಬಂತು. ಆ ವರ್ಷದ ಚಿತ್ರಗಳನ್ನೂ ಎಲ್ಲ ಅಂಕಪಟ್ಟಿಗಳನ್ನೂ ಹೊತ್ತುಕೊಂಡು ಹೋದೆ. ಸಮಿತಿಯಲ್ಲಿದ್ದ ಹಿರಿಯ ಕಲಾವಿದರೊಬ್ಬರು ಚಿತ್ರಗಳನ್ನು ಸಾವಕಾಶವಾಗಿ ನೋಡಿ, ಇದಕ್ಕೂ ಮೊದಲು ಏನು ಮಾಡಿದ್ದೀಯಮ್ಮ, ಅದನ್ನು ತೋರಿಸು ಎಂದರು. ನಾನು ಅಂಕಪಟ್ಟಿಗಳನ್ನು ಮುಂದೆ ಇಟ್ಟೆ. ಅವರು ಅವನ್ನು ಪಕ್ಕಕ್ಕೆ ಸರಿಸಿ ಮತ್ತೆ ಅದನ್ನೇ ಕೇಳಿದಾಗ, ಅವೆಲ್ಲ ಇದೇ ಕ್ಯಾನ್ವಾಸುಗಳ ಕೆಳಗಿವೆ ಎಂದು ಹೇಳಬೇಕಾಯಿತು. ವಿದ್ಯಾರ್ಥಿ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದ್ದಾಳೆ ಎಂಬುದನ್ನು ನೋಡಿಯೇ ಅವರು ನಿರ್ಧರಿಸುತ್ತಾರೆ; ನನ್ನ ಬಳಿ ಬಂದು ತಲುಪಿದ ಜಾಗವಿತ್ತು, ಹೊರಟ ಜಾಗದ ಗುರುತೇ ಇರಲಿಲ್ಲ. ಆಯ್ಕೆಯಾಗಲಿಲ್ಲ. ಮರುವರ್ಷದ ಹೊತ್ತಿಗೆ ವಯೋಮಿತಿ ದಾಟಿತ್ತು. ಬಣ್ಣದ ಸಾಲ ತೀರಿಸಲು ಮತ್ತೆ ಬೋರ್ಡು ಬರೆಯಲು ಹೋದೆ, ಸ್ನಾತಕೋತ್ತರ ಪದವಿಯನ್ನು ಕೈಬಿಟ್ಟೆ. ಇಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೇನೆ. ಪ್ರತಿ ವರ್ಷ ಕೆಲವು ಹಳೆಯ ವಿದ್ಯಾರ್ಥಿಗಳ ಅರ್ಜಿ ತುಂಬಿಸಲು ಜೊತೆಗೆ ಕೂರುತ್ತೇನೆ.

ಆದ್ದರಿಂದ ನೇರವಾಗಿ ಹೇಳುತ್ತೇನೆ: ನೀವು ಪ್ರಶ್ನೆಯನ್ನು ಇಟ್ಟಿರುವ ಕ್ರಮವೇ ಸರಿಯಿಲ್ಲ. ಮೊದಲು ವಿದ್ಯಾರ್ಥಿವೇತನ ಖಚಿತವಾಗಲಿ, ಆಮೇಲೆ ಪ್ರವೇಶ ಎನ್ನುವುದಕ್ಕೆ ಅವಕಾಶವೇ ಇಲ್ಲ, ಏಕೆಂದರೆ ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಾಗಲಿ ಕೇಂದ್ರದ ಕಾಲೇಜು ವಿದ್ಯಾರ್ಥಿವೇತನವಾಗಲಿ ಕಾಲೇಜಿಗೆ ಸೇರಿದವರಿಂದಲೇ ಅರ್ಜಿ ಪಡೆಯುತ್ತವೆ. ನೀವು ಕಾಯುತ್ತ ಕುಳಿತರೆ ಹೋಗುವುದು ಅವಳ ಒಂದು ವರ್ಷ.

ಅಂಕ ನೋಡಿ ಕೊಡುವ ಯೋಜನೆಗಳಲ್ಲಿ ಎಲ್ಲರೂ ಹೆಸರಿಸುವುದು ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆಯನ್ನು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅದಕ್ಕೆ ಅರ್ಜಿ ಹಾಕಬೇಕು. ದೇಶದಾದ್ಯಂತ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಸಿಗುತ್ತದೆ, ಅರ್ಧದಷ್ಟು ಹುಡುಗಿಯರಿಗೆ ಮೀಸಲು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯನ್ನು ಮೀರಿರಬಾರದು, ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆದರೆ ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ತನ್ನ ಮಂಡಳಿಯಲ್ಲಿ ತೇರ್ಗಡೆಯಾದವರ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿರಬೇಕು. ಶೇ. 64ಕ್ಕೆ ಅದು ದಕ್ಕುವ ಸಂಭವ ಕಡಿಮೆ. ಅದನ್ನು ಪಡೆಯುವವರು ರಾಜ್ಯದ ಬೇರೆ ವಿದ್ಯಾರ್ಥಿವೇತನವನ್ನು ಜೊತೆಗೆ ಪಡೆಯುವಂತಿಲ್ಲ ಎಂಬ ನಿಯಮವೂ ಇದೆ. ಆದ್ದರಿಂದ ಅದಕ್ಕಾಗಿ ಮನಸ್ಸು ಕೆಡಿಸಿಕೊಳ್ಳಬೇಡಿ.

ನಿಮ್ಮಂಥ ಮನೆಗೆ ಮೊದಲ ಆಧಾರ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಅಲ್ಲಿ ಜಾತಿ ಮತ್ತು ಆದಾಯಕ್ಕೆ ತಕ್ಕಂತೆ ಶುಲ್ಕದ ನೆರವು ಸಿಗುತ್ತದೆ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಗೆ ಹತ್ತು ತಿಂಗಳ ನೆರವಿದೆ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತೆಗೆಸಿ ಅವುಗಳ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿಗೇ ಹೋಗಿ ಕೇಳಿ, ಹೆಸರಿನ ಅಕ್ಷರಗಳು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಒಂದೇ ಆಗಿರಲಿ. 371(ಜೆ) ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿ. ಅದು ಹಣ ತರುವುದಿಲ್ಲ, ಆದರೆ ಕಲ್ಯಾಣ ಕರ್ನಾಟಕದವರಿಗಿರುವ ಸೀಟಿನ ಮೀಸಲಾತಿಗೆ ಬೇಕೇ ಬೇಕು.

ಕಲೆಗೆಂದೇ ಇರುವ ಹಣ ಬೇರೆ ಕಡೆ ಇದೆ, ಅಲ್ಲಿ ಪಿಯುಸಿ ಅಂಕ ನಿರ್ಣಾಯಕವಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯವು ಯುವ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನ ಅವುಗಳಲ್ಲಿ ಮುಖ್ಯವಾದುದು. ಸಂಗೀತ, ನೃತ್ಯ, ರಂಗಭೂಮಿ, ದೃಶ್ಯಕಲೆ ಮೊದಲಾದ ಕ್ಷೇತ್ರಗಳಿಗೆ ಸೇರಿ ವರ್ಷಕ್ಕೆ 400 ಮಂದಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ, ಒಟ್ಟು 1,20,000 ರೂಪಾಯಿ. ವಯಸ್ಸು 18ರಿಂದ 25ರೊಳಗಿರಬೇಕು, ಗುರುವಿನ ಬಳಿಯೋ ಸಂಸ್ಥೆಯಲ್ಲಿಯೋ ಕನಿಷ್ಠ ಐದು ವರ್ಷ ಕಲಿತಿರಬೇಕು, ತಜ್ಞರ ಸಮಿತಿಯ ಮುಂದೆ ಹಾಜರಾಗಬೇಕು. ಈ ಐದು ವರ್ಷದ ಷರತ್ತಿನ ಕಾರಣಕ್ಕಾಗಿ, ಅವಳು ಶಾಲೆಯಲ್ಲಿದ್ದಾಗ ಲೋವರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಬರೆದಿದ್ದರೆ ಆ ಪ್ರಮಾಣಪತ್ರಗಳನ್ನು ಹುಡುಕಿ ತೆಗೆದಿಡಿ, ಕಲಿಸಿದ ಚಿತ್ರಕಲಾ ಶಿಕ್ಷಕರಿಂದ ಪತ್ರ ಬರೆಸಿಕೊಳ್ಳಿ. ಕರ್ನಾಟಕ ಲಲಿತಕಲಾ ಅಕಾಡೆಮಿ ದೃಶ್ಯಕಲಾ ವಿದ್ಯಾರ್ಥಿಗಳಿಂದ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಕಾಲೇಜಿನ ಸೂಚನಾ ಫಲಕವನ್ನು ವಾರಕ್ಕೊಮ್ಮೆ ಓದುವ ರೂಢಿ ಅವಳಿಗಿರಲಿ.

ಇಂಥ ಕಡೆಗಳಲ್ಲಿ ಮೆರಿಟ್ ಎಂದರೆ ಅವಳು ಮುಂದೆ ಇಡುವ ಕೃತಿಗಳು. ಮೊದಲ ಸೆಮಿಸ್ಟರಿನಿಂದಲೇ ಪ್ರತಿಯೊಂದನ್ನೂ, ಕೆಟ್ಟುಹೋಯಿತೆಂದು ಅವಳಿಗೆ ಅನ್ನಿಸಿದ್ದನ್ನೂ ಬಿಡದೆ, ಫೋಟೊ ತೆಗೆದಿಡಬೇಕು. ಈಗಿನ ಮೊಬೈಲ್ ಸಾಕು. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಹೊರಗಿನ ನೆರಳಿನಲ್ಲಿ ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಮೊಬೈಲನ್ನು ಚಿತ್ರದ ನಡುಮಧ್ಯದ ಎತ್ತರಕ್ಕೆ ಹಿಡಿದು, ಫ್ಲಾಶ್ ಇಲ್ಲದೆ ತೆಗೆಯಲಿ. ತೈಲವರ್ಣ ಹೊಳೆಯುತ್ತಿದ್ದರೆ ಹೊಳಪು ಹೋಗುವವರೆಗೆ ಚಿತ್ರವನ್ನು ಸ್ವಲ್ಪ ತಿರುಗಿಸಲಿ. ಅಳತೆ, ಮಾಧ್ಯಮ, ವರ್ಷವನ್ನು ಅಂದೇ ಬರೆದು, ಫೋಟೊಗಳನ್ನು ತನಗೆ ತಾನೇ ಇಮೇಲ್ ಮಾಡಿಕೊಳ್ಳಲಿ, ಮೊಬೈಲ್ ಕಳೆದರೂ ಅವು ಉಳಿಯುತ್ತವೆ. ಸ್ಕೆಚ್ ಪುಸ್ತಕಗಳನ್ನು ರದ್ದಿಗೆ ಹಾಕಲು ಮನೆಯಲ್ಲಿ ಯಾರಿಗೂ ಬಿಡಬೇಡಿ. ಇಷ್ಟಾದ ಮೇಲೆ ಕ್ಯಾನ್ವಾಸಿಗೆ ಬಿಳಿ ಬಳಿಯುವ ಪ್ರಸಂಗ ಬಂದರೆ ಬಳಿಯಲಿ, ಚಿಂತೆಯಿಲ್ಲ.

ಬೆಂಗಳೂರು ಅಥವಾ ಬರೋಡಕ್ಕೆ ಹೋದರೆ ಮಾತ್ರ ಪ್ರಯೋಜನವೇ ಎಂದೂ ಕೇಳಿದ್ದೀರಿ. ಪದವಿಗೆ ಹಾಗೇನಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರಾಂತ ಚಿತ್ರಕಾರ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲಿ. ಇಲ್ಲಿ ಚಿತ್ರಕಲೆಯನ್ನು ಕಲಿಯುವ, ಕಲಿಸುವ ಪರಂಪರೆ ಹಳೆಯದು, ದೃಶ್ಯಕಲೆಯ ಕಾಲೇಜುಗಳಿವೆ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ವಿಭಾಗವೂ ಇದೆ. ದೂರದ ಊರಿನ ಬಾಡಿಗೆಗೆ ಹೋಗುವ ಹಣವನ್ನು ನಾಲ್ಕು ವರ್ಷ ಬಣ್ಣಕ್ಕೂ ಕಾಗದಕ್ಕೂ ಹಾಕಿದರೆ ಅವಳ ಬಳಿ ಹೆಚ್ಚು ಕೃತಿಗಳಿರುತ್ತವೆ. ಸ್ನಾತಕೋತ್ತರಕ್ಕೆ ಹೊರಗೆ ಹೋಗಲಿ. ಆಗ ಅವಳ ಕೈಯಲ್ಲಿ ತೋರಿಸಲು ನಾಲ್ಕು ವರ್ಷದ ಕೆಲಸವಿರುತ್ತದೆ.

ಬಿ.ಎ.ಗೆ ಹಾಕಿ, ಚಿತ್ರವನ್ನು ಬಿಡುವಿನ ವೇಳೆಯಲ್ಲಿ ಬರೆಯಲಿ ಎಂಬ ವಿಚಾರವನ್ನು ಬಿಟ್ಟುಬಿಡಿ. ಬಿ.ಎ. ಮುಗಿಸಿ ಬಿ.ವಿ.ಎ.ಗೆ ಬರುವ ಹೊತ್ತಿಗೆ ಅವಳಿಗೆ 21 ಆಗಿರುತ್ತದೆ, ಪದವಿ ಮುಗಿಯುವಾಗ 25, ಆಗ ಯುವ ಕಲಾವಿದರ ವಿದ್ಯಾರ್ಥಿವೇತನದ ಬಾಗಿಲು ಮುಚ್ಚುತ್ತಿರುತ್ತದೆ, ನನಗಾದದ್ದೂ ಇದೇ. ಈ ವಾರವೇ ಅವಳನ್ನು ಕರೆದುಕೊಂಡು ಕಲಬುರಗಿಗೆ ಬನ್ನಿ, ಪ್ರವೇಶದ ಕೊನೆಯ ದಿನಾಂಕವನ್ನೂ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಬಿಡುತ್ತಾರೆಯೇ ಎಂಬುದನ್ನೂ ಕಾಲೇಜಿನ ಕಚೇರಿಯಲ್ಲಿ ಕೇಳಿ, ಅರ್ಜಿ ತುಂಬಿಸಿ. ಎಸ್‌ಎಸ್‌ಪಿ ಅರ್ಜಿ ತುಂಬುವಾಗ ಯಾವುದಾದರೂ ಕಾಲಮ್ ತಿಳಿಯದಿದ್ದರೆ ಈ ಉತ್ತರದ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.