ಓಪನ್ ಸೋರ್ಸ್ ಓಎಸ್ ತನ್ನದೇ ಮೇಲ್ ಸರ್ವರ್ ಬರೆಯಬೇಕಾ?

ಪೋಸ್ಟ್‌ಫಿಕ್ಸ್, ಎಕ್ಸಿಮ್ ಥರದ ಸಿದ್ಧ ಮೇಲ್ ಸರ್ವರ್‌ಗಳು (ಇಮೇಲ್ ಕಳಿಸುವ, ಪಡೆಯುವ ಪ್ರೋಗ್ರಾಂಗಳು) ಇರುವಾಗ ಒಂದು ಓಎಸ್ (ಆಪರೇಟಿಂಗ್ ಸಿಸ್ಟಂ) ಸ್ವಂತ ಮೇಲ್ ಸರ್ವರ್ ಬರೆಯಬೇಕಾ ಅಂತ ಕೇಳಿದ್ದೀರಿ. ಎಲ್ಲರಿಗೂ ಬೇಡ, ಆದರೆ ಓಪನ್‌ಬಿಎಸ್‌ಡಿ ಎಂಬ ಓಪನ್ ಸೋರ್ಸ್ ಓಎಸ್‌ನ ತಂಡ ಬರೆದಿದ್ದು ಸರಿ ಅಂತಲೇ ನನ್ನ ಅನಿಸಿಕೆ. ಅಲ್ಲಿ ಮೊದಲು ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್ ಇತ್ತು, ಅದರ ಕಾನ್ಫಿಗರೇಶನ್ ಫೈಲ್ ನೋಡಿದರೆ ತಲೆ ಕೆಡುತ್ತದೆ. ಪೋಸ್ಟ್‌ಫಿಕ್ಸ್ ಚೆನ್ನಾಗಿದ್ದರೂ ಅದರ ಲೈಸೆನ್ಸ್ ಅವರ ನಿಯಮಕ್ಕೆ ಹೊಂದಲಿಲ್ಲ. ಹಾಗಾಗಿ ಅವರದೇ ಮೇಲ್ ಸರ್ವರ್ ಓಪನ್‌ಎಸ್‌ಎಂಟಿಪಿಡಿ ಬಂತು. ಕೆಲವೇ ಸಾಲಲ್ಲಿ ಸೆಟಪ್ ಮುಗಿಯುತ್ತದೆ, ಕೆಲಸವನ್ನು ಬೇರೆ ಬೇರೆ ಪ್ರೊಸೆಸ್‌ಗಳಿಗೆ ಹಂಚಿ ಹೆಚ್ಚಿನವನ್ನು ರೂಟ್ ಅಧಿಕಾರವಿಲ್ಲದೆ (ಇಡೀ ಸಿಸ್ಟಂ ಮೇಲಿನ ಪೂರ್ಣ ಹಿಡಿತವಿಲ್ಲದೆ) ಓಡಿಸುತ್ತದೆ. ಅಷ್ಟು ಎಚ್ಚರ ವಹಿಸಿದರೂ 2020ರಲ್ಲಿ, ಹೊರಗಿನವರು ರೂಟ್ ಆಗಿ ಕಮಾಂಡ್ ಓಡಿಸಬಹುದಾದ ದೋಷ (ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2020-7247) ಅದರಲ್ಲೇ ಸಿಕ್ಕಿತು, ತಕ್ಷಣ ಪ್ಯಾಚ್ ಕೊಡಬೇಕಾಯಿತು. ಬರೆದು ಸುಮ್ನೆ ಬಿಡೋ ಹಾಗಿಲ್ಲ ಅಲ್ವಾ, ವರ್ಷಗಟ್ಟಲೆ ನೋಡಿಕೊಳ್ಳುವ ಜನ ಬೇಕು. ಅಂಥವರು ಇಲ್ಲದಿದ್ದರೆ ಪೋಸ್ಟ್‌ಫಿಕ್ಸನ್ನೇ ಪ್ಯಾಕೇಜ್ ಮಾಡಿ ಕೊಡಿ.